ಹತ್ತಂಗುಲದ ಎಳೆತ

ಮುಂಬಯಿಯ ಬಳಿಯ ಬದಲಾಪುರದ ಪೂರ್ವ ಪಶ್ಚಿಮ ಭಾಗಗಳನ್ನು ರೈಲುಹಳಿಗಳ ಮೇಲಿಂದ ಕೂಡಿಸುವ ಮೇಲ್ಸೇತುವೆಯನ್ನು ಸಂಜೆಯ ಹೊತ್ತಿನಲ್ಲಿ ಇಳಿಯುವ ವಾಹನ ಓಡುವುದಿಲ್ಲ, ತೆವಳುತ್ತದೆ. ಒಂದು ಮಾರು ಸರಿದು ನಿಲ್ಲುವುದು, ಮತ್ತೊಂದು ಮಾರು ಸರಿದು ಮತ್ತೆ ನಿಲ್ಲುವುದು, ಹೀಗೆ ಎರಡು ನಿಮಿಷದ ದಾರಿ ಇಪ್ಪತ್ತು ನಿಮಿಷವಾಗುವುದು ಇಲ್ಲಿಯವರಿಗೆ ನಿತ್ಯದ ಅನುಭವ. ಕಳೆದ ಮಳೆಗಾಲ ಹಿಂದೆಗೆಯುತ್ತಿದ್ದ ಒಂದು ಸಂಜೆ ನಮ್ಮ ಮನೆಯ ಹಳೆಯ ಫಿಯೆಟ್ ಕಾರು ಆ ಇಳಿಜಾರಿನಲ್ಲಿ ಮೂರು ಬಾರಿ ನಿಂತಿತು. ನಾಲ್ಕನೆಯ ಬಾರಿ ನಿಲ್ಲಲಿಲ್ಲ. ಕಾರು ನಡೆಸುತ್ತಿದ್ದವನು ಡೊಂಬಿವಲಿಯಲ್ಲಿರುವ ನನ್ನ ತಂಗಿಯ ಮಗ. ಬ್ರೇಕಿನ ಪೆಡಲನ್ನು ಅವನು ಒತ್ತಿದುದನ್ನೂ, ಅದು ಜಗ್ಗದೆ ಹೋದುದನ್ನೂ, ಅವನ ಮುಖದ ರಕ್ತ ಇಳಿದುದನ್ನೂ ನಾನು ಪಕ್ಕದಲ್ಲಿ ಕುಳಿತು ಕಂಡೆ. ಕೈಬ್ರೇಕನ್ನು ಎಳೆಯುವಷ್ಟು ಪ್ರಸಂಗಾವಧಾನ ಅವನಿಗಿದ್ದುದು ದೊಡ್ಡ ಪುಣ್ಯ. ಶಾಲೆಯ ಮಕ್ಕಳನ್ನು ತುಂಬಿಕೊಂಡಿದ್ದ ರಿಕ್ಷಾವೊಂದರ ಹಿಂದೆ ಒಂದು ಗೇಣು ಅಂತರದಲ್ಲಿ ನಮ್ಮ ಕಾರು ನಿಂತಿತು.

“ಮಾಮಾ, ಪೆಡಲ್ ಕಲ್ಲಾಗಿಬಿಟ್ಟಿತು” ಎಂದ. ಅಂದಿನ ಮಟ್ಟಿಗೆ ಅವನಾಡಿದ್ದು ಅಷ್ಟೇ ಮಾತು.

ಆ ಕಾರಿನ ವೃತ್ತಾಂತವನ್ನು ಸ್ವಲ್ಪ ಹೇಳಬೇಕು. ಅದು ೧೯೭೦ರ ಫಿಯೆಟ್ ೧೧೦೦, ಇದೇ ರೈಲುಸಾಲಿನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಲ್ಲಿ ತಯಾರಾದದ್ದು. ವಾಲಚಂದ ಹಿರಾಚಂದರು ೧೯೪೪ರಲ್ಲಿ ಸ್ಥಾಪಿಸಿದ ಆ ಸಂಸ್ಥೆ ೧೯೬೪ರಿಂದ ಈ ಮಾದರಿಯನ್ನು ತಯಾರಿಸತೊಡಗಿ, ಕಾಲಕ್ರಮದಲ್ಲಿ ಅದಕ್ಕೆ ‘ಪದ್ಮಿನಿ’ ಎಂಬ ಹೆಸರಿಟ್ಟು, ಶತಮಾನದ ಅಂತ್ಯದವರೆಗೂ ಹೊರತರುತ್ತಲೇ ಇತ್ತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯೆಂದರೆ ಎರಡು ತಲೆಮಾರುಗಳ ಕಾಲ ಇದೇ ಆಗಿದ್ದಿತು. ೨೦೨೩ರ ಅಕ್ಟೋಬರ್ ತಿಂಗಳ ಕೊನೆಗೆ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿಯ ಆಯುರ್ಮಾನ ತೀರಿದಾಗ ಈ ಮಹಾನಗರವೇ ಒಂದು ಕ್ಷಣ ನಿಂತು ನಿಟ್ಟುಸಿರಿಟ್ಟಿತು. ನಾಲ್ಕು ಸಿಲಿಂಡರು, ೧೦೮೯ ಘನ ಸೆಂಟಿಮೀಟರು, ಸುಮಾರು ೪೦ ಅಶ್ವಶಕ್ತಿ, ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು. ಬ್ರೇಕಿಗೆ ಸಹಾಯ ಮಾಡುವ ಬೂಸ್ಟರ್ ಎಂಬುದು ಅದರಲ್ಲಿ ಇರಲಿಲ್ಲ. ಚಾಲಕನ ಬಲಗಾಲೇ ಅದರ ಬೂಸ್ಟರು. ಮಧ್ಯ ರೈಲ್ವೆಯಲ್ಲಿ ಗೂಡ್ಸ್ ಗಾರ್ಡ್ ಆಗಿ ಕಲ್ಯಾಣದಲ್ಲಿ ಸೇವೆ ಮುಗಿಸಿದ ನನ್ನ ತಂದೆಯವರು ನಿವೃತ್ತಿಯ ಹಣದಲ್ಲಿ ಇದನ್ನು ಬೇರೆಯವರ ಕೈಯಿಂದ ಕೊಂಡು, ವರುಷಕ್ಕೊಮ್ಮೆ ಖಂಡಾಲಾ ಘಾಟಿಯನ್ನೇರಿ, ಪುಣೆ, ಸಾತಾರಾ, ಕೊಲ್ಲಾಪುರ, ನಿಪ್ಪಾಣಿಗಳನ್ನು ದಾಟಿ ಹುಬ್ಬಳ್ಳಿಯ ಮನೆಗೆ ನಮ್ಮೆಲ್ಲರನ್ನೂ ಕರೆದೊಯ್ಯುತ್ತಿದ್ದರು. ಘಾಟಿಯಲ್ಲಿ ಎರಡನೆಯ ಗೇರು, ಕಾಲು ಬ್ರೇಕಿನ ಮೇಲೆ ಬೇಕಾದಾಗ ಮಾತ್ರ, ಎಂಬುದು ಅವರ ನಿಯಮ.

ತಂದೆಯವರ ಅನಂತರ ಕಾರು ಹಲವು ವರ್ಷ ಅಂಗಳದಲ್ಲಿ ಮುಸುಕು ಹೊದ್ದು ನಿಂತಿತ್ತು. ಸೋದರಳಿಯ ಅದನ್ನು ಕೇಳಿದಾಗ ಸಂತೋಷದಿಂದಲೇ ಕೊಟ್ಟೆನು. ಅವನು ಅದಕ್ಕೆ ಹೊಸ ಪ್ರಾಣವನ್ನೇ ತುಂಬಿದನೆಂದರೆ ತಪ್ಪಲ್ಲ. ಪ್ರೀತಿಯಿಲ್ಲದವನು ಅಷ್ಟು ದುಡಿಯಲಾರ. ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿಸಿ, ಹೆಚ್ಚು ವೇಗದಲ್ಲಿ ಹೆಚ್ಚು ಬಲ ಕೊಡುವಂತೆ ಉಜ್ಜಿದ ಬೇರೊಂದು ಕ್ಯಾಮ್ ಶಾಫ್ಟನ್ನೂ ದೊಡ್ಡ ಕಾರ್ಬ್ಯುರೇಟರನ್ನೂ ಹಾಕಿಸಿದನು. ವೇಗ ಹೆಚ್ಚಿದ ಮೇಲೆ ತಡೆಯೂ ಹೆಚ್ಚಬೇಕೆಂಬ ವಿವೇಕದಿಂದಲೇ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕುಗಳನ್ನೂ, ಅವುಗಳ ಜೊತೆಗೆ ಹೊಸ ಕಾಲದ ಕಾರೊಂದರ ಬೂಸ್ಟರನ್ನೂ ಅಳವಡಿಸಿದನು. ಪ್ರತಿಯೊಂದು ಬದಲಾವಣೆಯೂ ಬಿಡಿಬಿಡಿಯಾಗಿ ನೋಡಿದರೆ ಸರಿಯೇ. ಒಂದರ ಫಲ ಇನ್ನೊಂದನ್ನು ಹೇಗೆ ಮುಟ್ಟುತ್ತದೆ ಎಂಬುದೊಂದನ್ನು ಮಾತ್ರ ಯಾರೂ ಲೆಕ್ಕ ಹಾಕಿರಲಿಲ್ಲ.

ಅಂಬರನಾಥದ ಹಾದಿಯಲ್ಲಿ ಸಣ್ಣ ಗ್ಯಾರೇಜು ಇಟ್ಟುಕೊಂಡಿರುವ ವೃದ್ಧ ಮಿಸ್ತ್ರಿಯೊಬ್ಬರಿದ್ದಾರೆ. ವಿಜಯಪುರ ಜಿಲ್ಲೆಯ ಇಂಡಿಯ ಕಡೆಯಿಂದ ಹುಡುಗತನದಲ್ಲಿಯೇ ಬಂದು, ಟ್ಯಾಕ್ಸಿಗಳ ಹೊಟ್ಟೆಯ ಕೆಳಗೆ ಮಲಗಿಯೇ ಆಯುಷ್ಯ ಕಳೆದವರು. ಮರುದಿನ ಕಾರನ್ನು ಅವರಲ್ಲಿಗೆ ಒಯ್ದೆವು. ಬ್ರೇಕು ಹಿಡಿಯಲಿಲ್ಲವೆಂದರೆ ಅವರು ಮೊದಲು ಚಕ್ರವನ್ನು ಬಿಚ್ಚುವರೆಂದು ನಾನೆಣಿಸಿದ್ದೆ. ಅವರು ಚಕ್ರದ ಕಡೆ ನೋಡಲೇ ಇಲ್ಲ. ಎಂಜಿನ್ನನ್ನು ನಿಲ್ಲಿಸಿಯೇ ಪೆಡಲನ್ನು ನಾಲ್ಕೈದು ಬಾರಿ ಒತ್ತಿದರು. ಬೂಸ್ಟರಿನಲ್ಲಿ ಉಳಿದಿದ್ದುದೆಲ್ಲ ಹೀಗೆ ಖರ್ಚಾಗುತ್ತದೆ. ಆಮೇಲೆ ಪೆಡಲನ್ನು ಕಾಲಿನಿಂದ ಒತ್ತಿ ಹಿಡಿದೇ ಎಂಜಿನ್ನನ್ನು ಚಾಲೂ ಮಾಡಿಸಿದರು. ಸ್ವಸ್ಥವಾದ ಕಾರಿನಲ್ಲಿ ಆ ಕ್ಷಣಕ್ಕೆ ಪೆಡಲು ಕಾಲಿನ ಕೆಳಗೆ ತಾನಾಗಿ ಒಂದಿಷ್ಟು ಇಳಿಯಬೇಕು. ನಮ್ಮದು ಇಳಿಯಿತು, ಆದರೆ ತಡವಾಗಿ, ಮನಸ್ಸಿಲ್ಲದಂತೆ, ಅರೆಬರೆಯಾಗಿ ಇಳಿಯಿತು. ಮಿಸ್ತ್ರಿಗಳು ಕೆಳಗಿಳಿದು ಬಾನೆಟ್ಟಿನೊಳಗೆ ಬಾಗಿ, ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನಿಂದ ಬೂಸ್ಟರಿಗೆ ಹೋಗುವ ರಬ್ಬರು ಪೈಪನ್ನು ಬೂಸ್ಟರಿನ ತುದಿಯಲ್ಲಿ ಬಿಚ್ಚಿ, ಅದರ ಬಾಯಿಗೆ ತಮ್ಮ ಎಣ್ಣೆಗಪ್ಪು ಹೆಬ್ಬೆರಳನ್ನು ಒತ್ತಿದರು. ಒತ್ತಿ, ಸಲೀಸಾಗಿ ತೆಗೆದರು. ಮತ್ತೆ ಒತ್ತಿ, ಮತ್ತೆ ಸಲೀಸಾಗಿ ತೆಗೆದರು.

“ಬ್ರೇಕಿಂದೇನೂ ತಪ್ಪಿಲ್ರಿ ಸಾಹೇಬ್ರ. ಬ್ರೇಕ್ ಭೇಷ್ ಅದಾವ. ಇಂಜಿನ್ನಿಗೆ ಎಳತಾ ಇಲ್ಲ. ಎಳತಾ ಇಲ್ಲಂದ್ರ ಬೂಸ್ಟರ್ ಪಾಪ ಏನ್ ಮಾಡೀತು?”

ಶಾಲೆಯ ಪುಸ್ತಕದಲ್ಲಿ ‘ನಿರ್ವಾತ’ವೆಂದೂ ಗ್ಯಾರೇಜಿನಲ್ಲಿ ‘ವ್ಯಾಕ್ಯೂಮ್’ ಎಂದೂ ಕರೆಯುವ ವಸ್ತುವಿಗೆ ಈ ಹಿರಿಯರು ಬಳಸಿದ ‘ಎಳತ’ ಎಂಬ ಅಚ್ಚ ಕನ್ನಡದ ಮಾತು ನನ್ನ ಕಿವಿಯಲ್ಲಿ ಬಹಳ ಹೊತ್ತು ಉಳಿಯಿತು. ಒಂದು ತಿದ್ದುಪಡಿಯನ್ನು ಮಾತ್ರ, ಗೌರವದಿಂದಲೇ, ಮಾಡಬೇಕಾಗಿದೆ. ಎಳೆಯುವುದು ಎಂಜಿನ್ನಲ್ಲ, ತಳ್ಳುವುದು ವಾಯುಮಂಡಲ. ಸಮುದ್ರಮಟ್ಟದಲ್ಲಿ ನಮ್ಮ ಮೈಯ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು ಒಂದು ಕಿಲೋಗ್ರಾಂ ಭಾರದ ಗಾಳಿ ಕುಳಿತಿದೆ. ಎಲ್ಲ ಕಡೆಯಿಂದಲೂ ಸಮನಾಗಿ ಒತ್ತುವುದರಿಂದ ನಮಗದು ತಿಳಿಯದು. ಟೊರಿಚೆಲ್ಲಿ ಎಂಬ ಇಟಲಿಯ ವಿದ್ವಾಂಸನು ೧೬೪೩ರಷ್ಟು ಹಿಂದೆಯೇ ಈ ಭಾರವನ್ನು ಪಾದರಸದ ಕಂಬವೊಂದರಿಂದ ತೂಗಿದನು. ಅದರ ಎತ್ತರ ೩೦ ಅಂಗುಲಕ್ಕೆ ಕೊಂಚ ಕಡಿಮೆ. ಎಂಜಿನ್ನಿನ ನಿರ್ವಾತವನ್ನು ಇಂದಿಗೂ ಪಾದರಸದ ಅಂಗುಲಗಳಲ್ಲಿ ಹೇಳುವ ರೂಢಿ ಅಲ್ಲಿಂದ ಬಂದದ್ದು. ಮುಂದೆ ಜರ್ಮನಿಯ ಮಾಗ್ಡೆಬುರ್ಗ್ ಪಟ್ಟಣದ ಓಟ್ಟೊ ಫಾನ್ ಗೆರಿಕೆಯು ಎರಡು ತಾಮ್ರದ ಅರೆಗೋಳಗಳನ್ನು ಜೋಡಿಸಿ, ಒಳಗಿನ ಗಾಳಿಯನ್ನು ಹೊರತೆಗೆದು, ಎರಡು ಕಡೆಗೂ ಕುದುರೆಗಳ ಸಾಲುಗಳನ್ನು ಕಟ್ಟಿ ಎಳೆಸಿದರೂ ಅವು ಬೇರ್ಪಡದೆ ಹೋದುದನ್ನು ಲೋಕಕ್ಕೆ ತೋರಿಸಿದನು. ನಮ್ಮ ಬದಲಾಪುರಕ್ಕೂ ಕುದುರೆಗಳಿಗೂ ನಂಟುಂಟು: ದೂರದ ದಾರಿಯಲ್ಲಿ ಬಳಲಿದ ಕುದುರೆಗಳನ್ನು ಬಿಟ್ಟು ಹೊಸ ಕುದುರೆಗಳನ್ನು ‘ಬದಲಾ’ ಮಾಡಿಕೊಳ್ಳುತ್ತಿದ್ದ ಠಾಣ್ಯವಾದುದರಿಂದಲೇ ಊರಿಗೆ ಈ ಹೆಸರು ಬಂದಿತೆಂದು ಇಲ್ಲಿಯ ಜನ ಹೇಳುತ್ತಾರೆ. ಕುದುರೆಯನ್ನು ಬದಲಿಸಿದವನು ಜೀನಿನ ಪಟ್ಟಿಯನ್ನೂ ಹೊಸದಾಗಿ ಬಿಗಿಯಬೇಕೆಂಬುದನ್ನು ಆ ಸವಾರರು ಬಲ್ಲವರಾಗಿದ್ದಿರಬೇಕು.

ಬೂಸ್ಟರಿನ ಒಳಗೆ ಇರುವುದೂ ಗೆರಿಕೆಯ ಗೋಳವೇ. ದೊಡ್ಡ ಡಬ್ಬಿಯಂತಹ ಆ ತಗಡಿನ ಪಾತ್ರೆಯ ನಡುವೆ ಒಂದು ರಬ್ಬರಿನ ಪರದೆ. ಪೆಡಲನ್ನು ಮುಟ್ಟದಿರುವಾಗ ಪರದೆಯ ಎರಡು ಬದಿಗೂ ನಿರ್ವಾತ. ಪೆಡಲನ್ನೊತ್ತಿದೊಡನೆ ಕಾಲಿನ ಕಡೆಯ ಕೋಣೆಗೆ ಹೊರಗಿನ ಗಾಳಿ ನುಗ್ಗಿ, ಪರದೆಯನ್ನು ಮುಂದಕ್ಕೆ ತಳ್ಳಿ, ಕಾಲಿನ ಬಲಕ್ಕೆ ತನ್ನ ಬಲವನ್ನು ಕೂಡಿಸಿ, ಬ್ರೇಕಿನ ಎಣ್ಣೆಯನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ. ಈ ಉಪಾಯವನ್ನು ಬೆಲ್ಜಿಯಮ್ಮಿನ ಆಲ್ಬೆರ್ ದೆವಾಂದ್ರ್ ಎಂಬವನ ಹೆಸರಿನೊಡನೆ ಬಾಷ್ ಸಂಸ್ಥೆಯು ೧೯೨೦ರ ದಶಕದಲ್ಲಿಯೇ ಮಾರುಕಟ್ಟೆಗೆ ತಂದಿತು. ಗಣಿತ ಸರಳವಾದದ್ದು. ಪರದೆಯ ವ್ಯಾಸ ೨೦ ಸೆಂಟಿಮೀಟರಾದರೆ ಅದರ ವಿಸ್ತೀರ್ಣ ೩೧೪ ಚದರ ಸೆಂಟಿಮೀಟರು. ೧೮ ಅಂಗುಲದ ನಿರ್ವಾತವಿದ್ದಾಗ ಅದರ ಮೇಲೆ ಬೀಳಬಹುದಾದ ಬಲ ೧೯೦ ಕಿಲೋಗ್ರಾಮಿಗೂ ಮಿಕ್ಕದ್ದು. ನಿರ್ವಾತ ೧೦ ಅಂಗುಲಕ್ಕೆ ಇಳಿದರೆ ಅದೇ ಪರದೆಯ ಬಲ ೧೧೦ ಕಿಲೋಗ್ರಾಮನ್ನೂ ಮುಟ್ಟದು. ಅದೂ ಮೊದಲನೆಯ ಒತ್ತಿಗೆ. ಪ್ರತಿ ಸಾರಿ ಪೆಡಲು ಹಿಂದೆ ಬಂದಾಗಲೂ ಒಳಗೆ ನುಗ್ಗಿದ ಗಾಳಿಯನ್ನು ಎಂಜಿನ್ನು ಹೀರಿ ತೆಗೆಯಬೇಕು. ಬಲಹೀನ ಎಂಜಿನ್ನಿಗೆ ಅಷ್ಟು ಹೊತ್ತಿನಲ್ಲಿ ಅದು ಸಾಧ್ಯವಾಗದಿದ್ದರೆ ಎರಡನೆಯ ಒತ್ತಿಗೆ ಇನ್ನೂ ಕಡಿಮೆ, ಮೂರನೆಯದಕ್ಕೆ ಮತ್ತೂ ಕಡಿಮೆ, ನಾಲ್ಕನೆಯದಕ್ಕೆ ಕಲ್ಲು.

ಕಲ್ಲಾದದ್ದೇಕೆ, ತಂದೆಯವರಿಗೆ ಬೂಸ್ಟರಿಲ್ಲದೆಯೇ ಕಾರು ನಿಲ್ಲುತ್ತಿರಲಿಲ್ಲವೆ, ಎಂದು ನಾನು ಮಿಸ್ತ್ರಿಗಳನ್ನು ಕೇಳಿದೆನು. ಡ್ರಮ್ಮನ್ನು ಒಳಗಿನಿಂದ ಒತ್ತಿ ತಡೆಯುವ ಶೂಗಳಿಗೆ ಒಂದು ಗುಣವಿದೆ: ತಿರುಗುವ ಡ್ರಮ್ಮು ಶೂವನ್ನು ತನ್ನೊಡನೆ ಎಳೆದುಕೊಂಡು ಇನ್ನಷ್ಟು ಕಚ್ಚುವಂತೆ ಮಾಡುತ್ತದೆ; ಅಂದರೆ ಚಕ್ರವೇ ತನ್ನನ್ನು ತಡೆಯಲು ನೆರವಾಗುತ್ತದೆ. ಡಿಸ್ಕಿಗೆ ಆ ಗುಣವಿಲ್ಲ. ಅದು ಬಿಸಿಯಾದರೂ ಸೋಲದು, ಮಳೆನೀರಿನಲ್ಲಿ ನೆನೆದರೂ ಬೇಗ ಒಣಗುವುದು, ಎಡಬಲಕ್ಕೆ ಎಳೆಯದು; ಆದರೆ ಒತ್ತುವ ಬಲವನ್ನೆಲ್ಲ ಹೊರಗಿನಿಂದಲೇ ಬೇಡುವುದು. ಆದುದರಿಂದ ಬೂಸ್ಟರು ಕೈಬಿಟ್ಟ ಡಿಸ್ಕ್ ಬ್ರೇಕಿನ ಕಾರು, ಬೂಸ್ಟರೇ ಇಲ್ಲದಿದ್ದ ಹಳೆಯ ಡ್ರಮ್ಮಿನ ಕಾರಿಗಿಂತ ಕಾಲಿಗೆ ಕಠಿನವಾದದ್ದು. ಹೊಸದನ್ನು ತಂದವನು ಅದರ ಆಹಾರವನ್ನೂ ತರಬೇಕು.

ಇನ್ನು ಈ ಆಹಾರ ಎಂಜಿನ್ನಿನಲ್ಲಿ ಬತ್ತಿದುದು ಹೇಗೆ? ಪೆಟ್ರೋಲ್ ಎಂಜಿನ್ನಿನ ಬಾಯಿಗೆ ಥ್ರಾಟಲ್ ಎಂಬ ಕದವಿದೆ. ಕಾಲು ತೆಗೆದಾಗ ಕದ ಮುಚ್ಚಿಕೊಳ್ಳುತ್ತದೆ; ಒಳಗಿನ ಪಿಸ್ಟನ್ನುಗಳು ಗಾಳಿಗಾಗಿ ಹಸಿದು ಹೀರುತ್ತಿರುವಾಗ ಕದದ ಹಿಂದೆ ಉಂಟಾಗುವ ಕೊರತೆಯೇ ನಮ್ಮ ನಿರ್ವಾತ. ಒಳ್ಳೆಯ ಎಂಜಿನ್ನು ಸುಮ್ಮನೆ ನಿಂತು ಓಡುವಾಗ ಅದು ೧೭ರಿಂದ ೨೧ ಅಂಗುಲದವರೆಗೆ ಇರುತ್ತದೆ. ನಮ್ಮವನು ಹಾಕಿಸಿದ ಕ್ಯಾಮು, ಹೊಗೆಯ ವಾಲ್ವು ಮುಚ್ಚುವುದಕ್ಕೆ ಬಹಳ ಮುಂಚೆಯೇ ಗಾಳಿಯ ವಾಲ್ವನ್ನು ತೆರೆಯುವಂಥದು. ನಿಮಿಷಕ್ಕೆ ಐದು ಸಾವಿರ ಸುತ್ತಿನ ರಭಸದಲ್ಲಿ ಎರಡು ವಾಲ್ವುಗಳೂ ತೆರೆದಿರುವ ಆ ಸಂಧಿಕಾಲ ಎಂಜಿನ್ನಿಗೆ ಉಪಕಾರಿ. ಹೊರಹೋಗುವ ಹೊಗೆಯ ವೇಗವೇ ಹೊಸ ಗಾಳಿಯನ್ನು ಒಳಗೆ ಕರೆಯುತ್ತದೆ. ಎಂಟುನೂರು ಸುತ್ತಿನ ನಿಧಾನದಲ್ಲಿ ಮಾತ್ರ ಆ ಹೊಗೆ ತಿರುಗಿ ಮ್ಯಾನಿಫೋಲ್ಡಿಗೇ ನುಗ್ಗಿ, ನಿರ್ವಾತವನ್ನು ತುಂಬಿಬಿಡುತ್ತದೆ. ಎಂಜಿನ್ನು ಆರದಂತೆ ಥ್ರಾಟಲನ್ನು ಇನ್ನಷ್ಟು ತೆರೆದಿಡಬೇಕಾಗುತ್ತದೆ. ಅದರಿಂದ ನಿರ್ವಾತ ಮತ್ತೂ ಕುಗ್ಗುತ್ತದೆ. ನಿಂತಲ್ಲಿಯೇ ಮೈ ಕುಲುಕಿಸಿ ‘ಧಕ್ ಧಕ್’ ಎನ್ನುವ ಆ ನಾದವಿದೆಯಲ್ಲ, ಯುವಕರು ಹಣ ಕೊಟ್ಟು ತರುವ ನಾದ, ಅದು ಬ್ರೇಕಿನ ಬಲ ಸೋರಿಹೋಗುವ ನಾದವೂ ಹೌದು.

ಮಿಸ್ತ್ರಿಗಳು ಗಡಿಯಾರದಂತಹ ಒಂದು ಗೇಜನ್ನು ಪೈಪಿಗೆ ಕವಲು ಹಾಕಿ ಜೋಡಿಸಿದರು. ಮುಳ್ಳು ೯ಕ್ಕೂ ೧೧ಕ್ಕೂ ನಡುವೆ ನಡುಗುತ್ತ ನಿಂತಿತು. ಬೂಸ್ಟರುಗಳು ನೆಮ್ಮದಿಯಾಗಿ ದುಡಿಯಲು ಹದಿನೈದು ಹದಿನಾರು ಅಂಗುಲವಾದರೂ ಬೇಕು.

ಆ ನಡುಗುವ ಮುಳ್ಳನ್ನು ನೋಡುತ್ತ ನನಗೆ ತಂದೆಯವರ ಬ್ರೇಕ್ ವ್ಯಾನು ನೆನಪಾಯಿತು. ಅವರ ಕಾಲದ ಗೂಡ್ಸ್ ರೈಲುಗಳು ನಡೆಯುತ್ತಿದ್ದುದು ನಿರ್ವಾತದ ಬ್ರೇಕಿನ ಮೇಲೆಯೇ. ಎಂಜಿನ್ನಿನಿಂದ ಕಟ್ಟಕಡೆಯ ವ್ಯಾನಿನವರೆಗೆ ಒಂದೇ ಕೊಳವೆ; ಅದರೊಳಗೆ ಸುಮಾರು ೨೦ ಅಂಗುಲದ ನಿರ್ವಾತ. ಗಾರ್ಡಿನ ವ್ಯಾನಿನಲ್ಲಿಯೂ ಒಂದು ಗೇಜಿರುತ್ತಿತ್ತು. ಅದರ ಮುಳ್ಳು ತಕ್ಕ ಅಂಕಿಗೆ ಏರಿದುದನ್ನು ಕಣ್ಣಾರೆ ಕಾಣದೆ ಅವರು ಹಸಿರು ಬಾವುಟ ಬೀಸುತ್ತಿರಲಿಲ್ಲ. ಕರ್ಜತ್ತಿನಿಂದ ಮೇಲೆ ೧೮೬೩ರಲ್ಲಿ ತೆರೆದ ಭೋರ್ ಘಾಟಿಯ ಹಳಿ ೩೭ ಅಡಿಗೆ ಒಂದು ಅಡಿಯಂತೆ ಏರುತ್ತದೆ. ಅಂತಹ ಇಳಿಜಾರಿನಲ್ಲಿ ಒಂದು ಇಡೀ ರೈಲಿನ ಭಾರವನ್ನು ಏನೂ ಇಲ್ಲದ ಒಂದು ಕೊಳವೆ ಹಿಡಿದಿಡುತ್ತದೆಂಬುದು ಬಾಲ್ಯದಲ್ಲಿ ನನಗೆ ನಂಬಲಾಗದ ವಿಸ್ಮಯವಾಗಿತ್ತು. ಆ ವ್ಯವಸ್ಥೆಯಲ್ಲಿದ್ದ ಜಾಣ್ಮೆಯಾದರೋ ಕಾರಿನದಕ್ಕೆ ತದ್ವಿರುದ್ಧವಾದದ್ದು. ರೈಲಿನಲ್ಲಿ ನಿರ್ವಾತವು ಬ್ರೇಕನ್ನು ಬಿಡಿಸಿ ಹಿಡಿದಿರುತ್ತದೆ; ಕೊಳವೆ ಹರಿದರೆ, ಬಂಡಿಯೊಂದು ಕಳಚಿದರೆ, ಸರಪಳಿ ಎಳೆದರೆ, ಗಾಳಿ ಒಳನುಗ್ಗಿ ಬ್ರೇಕುಗಳು ತಾವಾಗಿ ಬೀಳುತ್ತವೆ. ನಿರ್ವಾತ ಹೋದರೆ ರೈಲು ನಿಲ್ಲುತ್ತದೆ. ಕಾರಿನಲ್ಲಿ ನಿರ್ವಾತ ಹೋದರೆ ನಿಲ್ಲಿಸುವ ಬಲದ ಬಹುಭಾಗವೇ ಹೋಗುತ್ತದೆ. ಅದಕ್ಕಾಗಿಯೇ ರೈಲಿನ ಗಾರ್ಡಿಗೆ ಒಂದು ಗೇಜು ಕೊಟ್ಟಿದ್ದ ಲೋಕ ಕಾರಿನ ಚಾಲಕನಿಗೂ ಒಂದನ್ನು ಕೊಡಬೇಕಾಗಿತ್ತೆಂದು ನನಗೆ ದೃಢವಾಗಿ ತೋರುತ್ತದೆ. ಕಡೆಯ ಪಕ್ಷ, ಎಂಜಿನ್ನನ್ನು ಬದಲಿಸಿದ ಪ್ರತಿ ಹಳೆಯ ಕಾರಿಗೂ ಅದು ಇರಲೇಬೇಕು.

ಬೆಟ್ಟದ ದಾರಿಯಲ್ಲಿ ಈ ಕೊರತೆ ಎಲ್ಲಿ ಕಾಡುತ್ತದೆಂಬುದರಲ್ಲಿ ಜನರಿಗೆ ಒಂದು ತಪ್ಪು ಕಲ್ಪನೆಯಿದೆ. ನಮಗೆ ಹತ್ತಿರದ ಘಾಟಿಯೆಂದರೆ ನೇರಳದಿಂದ ಮಾಥೇರಾನಿನ ದಸ್ತೂರಿ ನಾಕಾದವರೆಗಿನದು. ಕಾರುಗಳು ಅಲ್ಲಿಯವರೆಗೆ ಮಾತ್ರ ಹೋಗಬಹುದು. ಮೇಲೆ ಹೋದಂತೆ ವಾಯುಮಂಡಲದ ಭಾರವೇ ಕಡಿಮೆಯಾಗುವುದರಿಂದ ಸಾವಿರ ಅಡಿಗೆ ಸುಮಾರು ಒಂದು ಅಂಗುಲದಂತೆ ನಿರ್ವಾತವೂ ಕಡಿಮೆಯಾಗುತ್ತದೆ, ನಿಜ. ಆದರೂ ಗೇರಿನಲ್ಲಿಟ್ಟು ಕಾಲು ತೆಗೆದು ಇಳಿಯುವ ಕಾರಿನಲ್ಲಿ ಚಕ್ರಗಳೇ ಎಂಜಿನ್ನನ್ನು ವೇಗವಾಗಿ ತಿರುಗಿಸುತ್ತಿರುತ್ತವೆ, ಥ್ರಾಟಲು ಮುಚ್ಚಿರುತ್ತದೆ. ಒರಟು ಕ್ಯಾಮಿನ ಎಂಜಿನ್ನೂ ಆಗ ಧಾರಾಳವಾಗಿ ನಿರ್ವಾತ ಕೊಡುತ್ತದೆ. ಅಪಾಯವಿರುವುದು ಪೆಟ್ರೋಲು ಉಳಿಸುವ ಆಸೆಯಿಂದ ನ್ಯೂಟ್ರಲಿನಲ್ಲಿ ಇಳಿಸುವವನಿಗೆ, ಮತ್ತು ನಮ್ಮ ಮೇಲ್ಸೇತುವೆಯಂತಹ ಕಡೆ ನಿಂತು ನಿಂತು ತೆವಳುವವನಿಗೆ. ತಂದೆಯವರ ಎರಡನೆಯ ಗೇರಿನ ನಿಯಮಕ್ಕೆ ಬೂಸ್ಟರು ಬಂದ ಮೇಲೆ ಎರಡನೆಯದೊಂದು ಕಾರಣ ಕೂಡಿಕೊಂಡಿತು.

ಪರಿಹಾರಗಳ ವಿಷಯದಲ್ಲಿ ಆ ಸಂಜೆ ಗ್ಯಾರೇಜಿನ ಬೆಂಚಿನ ಮೇಲೆ ದೀರ್ಘ ಚರ್ಚೆ ನಡೆಯಿತು. ಮೊದಲು ಸೋರುವುದನ್ನು ಹುಡುಕತಕ್ಕದ್ದೆಂದು ಮಿಸ್ತ್ರಿಗಳ ಹಟ. ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ಟಿನ ಸುತ್ತ ಕ್ಲೀನರನ್ನು ಸಿಂಪಡಿಸಿದಾಗ ಎಂಜಿನ್ನಿನ ದನಿ ಥಟ್ಟನೆ ಬದಲಾಯಿತು. ಕಳ್ಳಗಾಳಿ ಅಲ್ಲಿಂದ ಒಳಗೆ ಹೋಗುತ್ತಿದ್ದಿತು. ಗ್ಯಾಸ್ಕೆಟ್ಟು ಬದಲಿಸಿ, ಹಿಂದೆ ಬಿದ್ದಿದ್ದ ಕಿಡಿಯ ಟೈಮಿಂಗನ್ನು ಸರಿಪಡಿಸಿದೊಡನೆ ಮುಳ್ಳು ೧೩ಕ್ಕೇರಿತು. ಪೈಪಿನ ಚೆಕ್ ವಾಲ್ವನ್ನು ಬಾಯಿಂದ ಊದಿ ನೋಡಿದರು. ಒಂದು ಕಡೆಯಿಂದ ಉಸಿರು ಹೋಯಿತು, ಇನ್ನೊಂದು ಕಡೆಯಿಂದ ಹೋಗಲಿಲ್ಲ. ಅದು ಆರೋಗ್ಯವಾಗಿತ್ತು.

ಉಳಿದ ಕೊರತೆಗೆ ಸೋದರಳಿಯ ವಿದ್ಯುತ್ತಿನ ವ್ಯಾಕ್ಯೂಮ್ ಪಂಪನ್ನು ಸೂಚಿಸಿದನು. ಸೂಚನೆ ಅಯುಕ್ತವಾದುದಲ್ಲ. ಡೀಸೆಲ್ ಎಂಜಿನ್ನಿಗೆ ಥ್ರಾಟಲಿನ ಕದವೇ ಇಲ್ಲದುದರಿಂದ ಅದರಲ್ಲಿ ಈ ನಿರ್ವಾತವೂ ಇಲ್ಲ. ಆದುದರಿಂದಲೇ ಡೀಸೆಲ್ ಕಾರುಗಳಿಗೆ, ಅನೇಕ ವೇಳೆ ಆಲ್ಟರ್ನೇಟರಿನ ಬೆನ್ನಿಗೇ, ಪ್ರತ್ಯೇಕ ಪಂಪನ್ನು ಕಟ್ಟಿರುತ್ತಾರೆ. ಇನ್ನೊಂದು ಉಪಾಯ, ಚೆಕ್ ವಾಲ್ವಿರುವ ಒಂದು ತೊಟ್ಟಿಯನ್ನು ನಡುವೆ ಇಟ್ಟು, ಕಾಲು ತೆಗೆದು ಓಡುವಾಗ ದೊರೆಯುವ ಹೆಚ್ಚಿನ ನಿರ್ವಾತವನ್ನು ಅದರಲ್ಲಿ ಕೂಡಿಡುವುದು. ನಾಲ್ಕಾರು ಒತ್ತುಗಳಿಗೆ ಅದು ಬುತ್ತಿಯಾಗುತ್ತದೆ. ಆದರೆ ಮೇಲ್ಸೇತುವೆಯ ಇಪ್ಪತ್ತು ನಿಮಿಷಕ್ಕೆ ಆ ಬುತ್ತಿ ಸಾಲದು. ಮಾಸ್ಟರ್ ಸಿಲಿಂಡರಿನ ಬೋರನ್ನು ಕಿರಿದು ಮಾಡಿದರೆ ಕಾಲಿಗೆ ಹಗುರ, ಪೆಡಲಿನ ದೂರ ಹೆಚ್ಚು. ಬೂಸ್ಟರನ್ನೇ ತೆಗೆದು, ಪೆಡಲಿನ ಸನ್ನೆಯನ್ನು ಉದ್ದ ಮಾಡುವವರೂ ಉಂಟು. ಕಾನೂನಿನ ಮಾತೂ ಬಂದಿತು: ತಯಾರಕನ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೯ರಲ್ಲಿ ಹೇಳಿದೆ, ೨೦೨೧ರ ನಿಯಮದಂತೆ ಐವತ್ತು ವರ್ಷ ದಾಟಿದ ಕಾರಿಗೆ ‘ವಿಂಟೇಜ್’ ಪಟ್ಟ ಸಿಗಬೇಕಾದರೂ ಅದು ಮೂಲರೂಪದಲ್ಲಿರಬೇಕು. ನನ್ನ ಅಭಿಪ್ರಾಯವನ್ನು ಮುಚ್ಚಿಡಲಿಲ್ಲ. ಪಂಪು ಒಳ್ಳೆಯದೇ, ಆದರೆ ಅದರ ತಂತಿ, ರಿಲೇ, ಫ್ಯೂಜುಗಳ ಮೇಲೆ ನಮ್ಮ ಪ್ರಾಣ ನಿಲ್ಲುತ್ತದೆ. ಎಂಜಿನ್ನಿನ ಉಸಿರನ್ನೇ ಸರಿಪಡಿಸಲು ಸಾಧ್ಯವಿರುವಾಗ ಅದಕ್ಕೆ ಊರುಗೋಲು ಕೊಡುವುದೇಕೆ?

ನಿರ್ಧಾರ ಅವನದೇ ಆಗಬೇಕಾಗಿತ್ತು. ಎರಡು ದಿನ ಅವನು ಏನೂ ಹೇಳಲಿಲ್ಲ. ಮೂರನೆಯ ದಿನ, ಆ ರಿಕ್ಷಾದ ಹಿಂಬದಿಯ ಸೀಟಿನಿಂದ ತಿರುಗಿ ನೋಡುತ್ತಿದ್ದ ಮಗುವೊಂದರ ಮುಖ ನಿದ್ದೆಯಲ್ಲಿ ಬರುತ್ತದೆ ಮಾಮಾ, ಎಂದು ಹೇಳಿ, ಕುರ್ಲಾದಲ್ಲಿ ಎಂಜಿನ್ನಿನೊಡನೆ ಹುಟ್ಟಿದ್ದ ಹಳೆಯ ಕ್ಯಾಮನ್ನು ಎಣ್ಣೆಕಾಗದದ ಸುರುಳಿಯಿಂದ ಬಿಚ್ಚಿ ಗ್ಯಾರೇಜಿಗೆ ತಂದುಕೊಟ್ಟನು. ಸವೆತ ಅಲ್ಪವೇ ಇದ್ದಿತು. ದೊಡ್ಡ ಕಾರ್ಬ್ಯುರೇಟರು ಹೋಯಿತು. ಡಿಸ್ಕ್, ಬೂಸ್ಟರುಗಳು ಉಳಿದವು. ಚಿಕ್ಕ ತೊಟ್ಟಿಯೊಂದು ಸೇರಿತು. ಗೇಜನ್ನು ಡ್ಯಾಶ್ ಬೋರ್ಡಿನ ಕೆಳಗೆ ಚಾಲಕನಿಗೆ ಕಾಣುವಂತೆ ಕೂಡಿಸಿದರು.

ಕಾರ್ತಿಕದ ಒಂದು ಬೆಳಗ್ಗೆ ಎಲ್ಲವನ್ನೂ ಜೋಡಿಸಿ ಮುಗಿದ ಮೇಲೆ ಮಿಸ್ತ್ರಿಗಳು ಎಂಜಿನ್ನು ಚಾಲೂ ಮಾಡಿಸಿ, ಬಿಸಿಯಾಗುವವರೆಗೆ ಕಾದು, ಬೂಸ್ಟರಿನ ಪೈಪನ್ನು ಮತ್ತೆ ಬಿಚ್ಚಿ ಹೆಬ್ಬೆರಳನ್ನಿಟ್ಟರು. ಈ ಸಾರಿ ಬೆರಳನ್ನು ಕೀಳಬೇಕಾಯಿತು. ‘ಪಟ್’ ಎಂಬ ಸದ್ದಾಯಿತು. “ನೀವೂ ಇಟ್ಟು ನೋಡ್ರಿ ಸಾಹೇಬ್ರ” ಎಂದರು. ಇಟ್ಟೆನು. ಪೈಪಿನ ಅಂಚು ಬೆರಳಿನ ಮಾಂಸವನ್ನು ಒಳಗೆ ಸೆಳೆದು ಬಿಗಿಯಾಗಿ ಹಿಡಿದುಕೊಂಡಿತು. ಗೇಜಿನ ಮುಳ್ಳು ೧೭ರ ಮೇಲೆ ನಡುಗದೆ ನಿಂತಿತ್ತು. ಬೆರಳನ್ನು ಬಿಡಿಸಿಕೊಂಡಾಗ ಅದರ ತುದಿಯಲ್ಲಿ ಉಂಗುರದಂತಹ ಒಂದು ಕೆಂಪು ಗುರುತು ಎದ್ದಿತ್ತು; ಮನೆಗೆ ಬಂದು ಕಾಫಿ ಕುಡಿಯುವ ಹೊತ್ತಿಗೂ ಅದು ಪೂರ್ತಿ ಆರಿರಲಿಲ್ಲ.